ಸಕ್ಕರೆ ಕಪ್ಪಾಗೋದು ಯಾಕೆ?

ಇವತ್ತಿನ ಮಾತು, ಬಿಳಿ ಸಕ್ಕರೆ ಕಣ್ಣೆದುರೇ ಇದ್ದಿಲಾಗುವ ಪ್ರಯೋಗದ ಬಗ್ಗೆ. ಡೊಂಬಿವಲಿಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುವಾಗ ಪ್ರತಿ ವರ್ಷ ಇದನ್ನು ಮಾಡಿ ತೋರಿಸ್ತಿದ್ದೆ.

ಬೀಕರಿನಲ್ಲಿ ಸಕ್ಕರೆ, ಅದರ ಮೇಲೆ ಸಾಂದ್ರ ಗಂಧಕಾಮ್ಲ, ಅಂದ್ರೆ ಸಲ್ಫ್ಯೂರಿಕ್ ಆಸಿಡ್. ಮೊದಲು ಹಳದಿ, ಆಮೇಲೆ ಕಂದು, ನೋಡ್ತಾ ನೋಡ್ತಾ ಕಪ್ಪು. ಸ್ವಲ್ಪ ಹೊತ್ತಿಗೆ ಹಬೆ ಬಿಡ್ತಾ ಕಪ್ಪು ಕಂಬವೊಂದು ಮೇಲೇಳುತ್ತೆ. ಮಕ್ಕಳು "ಸುಟ್ಟುಹೋಯ್ತು!" ಅಂತ ಕೂಗ್ತಾರೆ. ಆದರೆ ಇಲ್ಲಿ ಬೆಂಕಿಯೇ ಇಲ್ಲ.

ಸಕ್ಕರೆಯ ಒಂದು ಅಣುವಿನಲ್ಲಿ 12 ಇಂಗಾಲ, 22 ಜಲಜನಕ, 11 ಆಮ್ಲಜನಕದ ಪರಮಾಣುಗಳಿವೆ. ಎರಡು ಜಲಜನಕಕ್ಕೆ ಒಂದು ಆಮ್ಲಜನಕ. ಇದು ನೀರಿನದೇ ಲೆಕ್ಕ, ಅಲ್ವಾ? ಆಸಿಡ್ ಇವೆರಡನ್ನೂ ನೀರಿನ ರೂಪದಲ್ಲಿ ಕಿತ್ತುಕೊಳ್ಳುತ್ತೆ. ಉಳಿಯೋದು ಇಂಗಾಲ. ಲೆಕ್ಕದ ಪ್ರಕಾರ 342 ಗ್ರಾಂ ಸಕ್ಕರೆಗೆ 198 ಗ್ರಾಂ ನೀರು, 144 ಗ್ರಾಂ ಇಂಗಾಲ. ಆಗ ಹುಟ್ಟುವ ಬಿಸಿಗೆ ನೀರು ಹಬೆಯಾಗಿ ಇಂಗಾಲವನ್ನು ಉಬ್ಬಿಸುತ್ತೆ. ಜೊತೆಗೆ ಸಲ್ಫರ್ ಡೈಆಕ್ಸೈಡ್ ಕೂಡ ಹೊರಡುತ್ತೆ, ಅದಕ್ಕೇ ಆ ಘಾಟು.

ಒಂದು ವರ್ಷ ಪ್ರಯೋಗ ಮುಗಿದ ಮೇಲೆ ಹುಡುಗನೊಬ್ಬ ಹತ್ತಿರ ಬಂದ. "ಟೀಚರ್, ಬಟ್ಟೆಗೂ ಹೀಗೇ ಆಗುತ್ತಾ? ಅಪ್ಪನ ಅಂಗೀಲಿ ಸಣ್ಣ ಸಣ್ಣ ತೂತು ಇರ್ತವೆ. ಬೀಡಿ ಕಿಡಿ ಅಂತ ಅಮ್ಮ ಬೈತಾರೆ." ಅವನಪ್ಪ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಆಸಿಡ್ ಡ್ರಮ್ಮು ಸಾಗಿಸೋರು.

ಆಗುತ್ತೆ. ಹತ್ತಿಯ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರಪಳಿಯೇ, ಸಕ್ಕರೆಯ ನೆಂಟ. ನೀರು ಬೆರೆತ ಆಸಿಡ್ ಹನಿ ಬಿದ್ದರೂ ಸಾಕು, ನೀರು ಆರಿದ ಹಾಗೆ ಆಸಿಡ್ ಸಾಂದ್ರವಾಗಿ ಬಟ್ಟೆಯನ್ನು ತಿನ್ನುತ್ತೆ. ಒಗೆದಾಗ ತೂತು ಕಾಣುತ್ತೆ. ಸಾಂದ್ರ ಆಸಿಡ್ ಚರ್ಮವನ್ನೂ ಬಿಡೋದಿಲ್ಲ.

"ಹಾಗಾದ್ರೆ ಮೈಮೇಲೆ ಬಿದ್ದರೆ? ಆಸಿಡ್‌ಗೆ ನೀರು ಸುರೀಬಾರದು ಅಂತೀರಲ್ಲ?" ಅಂದ. ಒಳ್ಳೆ ಪ್ರಶ್ನೆ. ಪಾತ್ರೆಯ ಆಸಿಡ್‌ಗೆ ಸ್ವಲ್ಪ ನೀರು ಹಾಕಿದರೆ ಅದು ಥಟ್ಟನೆ ಕುದ್ದು ಸಿಡಿಯುತ್ತೆ. ಅದಕ್ಕೇ ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ನಿಧಾನವಾಗಿ. ಮೈಮೇಲೆ ಬಿದ್ದಾಗ ಮಾತ್ರ ಧಾರಾಳ ಹರಿಯುವ ನೀರೇ ಮದ್ದು: ಅದು ಆಸಿಡನ್ನೂ ಬಿಸಿಯನ್ನೂ ಕೊಚ್ಚಿಕೊಂಡು ಹೋಗುತ್ತೆ. ತಕ್ಷಣ ನಲ್ಲಿ ಕೆಳಗೆ ನಿಂತು, ಆಸಿಡ್ ತಾಗಿದ ಬಟ್ಟೆ ತೆಗೆದು, ಕನಿಷ್ಠ 20 ನಿಮಿಷ ತೊಳೀಬೇಕು. ಸೋಡಾ, ಪೇಸ್ಟ್ ಹಚ್ಚಬೇಡಿ. ಆಮೇಲೆ ನೇರ ಆಸ್ಪತ್ರೆಗೆ.

ಈ ಪ್ರಯೋಗವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಆದರೆ ಡೊಂಬಿವಲಿ, ತಳೋಜ, ಠಾಣೆ–ಬೇಲಾಪುರ ರಸ್ತೆ ಕಡೆ ಕೆಲಸಕ್ಕೆ ಹೋಗೋರು ನಿಮ್ಮ ಮನೆಯಲ್ಲಿದ್ದರೆ ಇವತ್ತು ಅವರ ಅಂಗಿ ನೋಡಿ. ತೂತು ಕಂಡರೆ ಬೈಯೋ ಮುಂಚೆ, "ಅಲ್ಲಿ ಏಪ್ರನ್, ಗ್ಲೌಸ್, ಕನ್ನಡಕ ಕೊಡ್ತಾರಾ?" ಅಂತ ಕೇಳಿ. ಮತ್ತೆ ಸಿಗೋಣ.