ಬಾಡಿಗೆ ಕೋಣೆ: ಬೀಗದ ಕೈ ಪಡೆಯುವ ಮುನ್ನ, ಹಿಂದಿರುಗಿಸುವ ಹೊತ್ತಿಗೆ



ಫಲಿತಾಂಶ ಬಂದು, ದೂರದ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕ ಕೂಡಲೇ ನಿಮ್ಮ ಮುಂದೆ ನಿಲ್ಲುವ ಮೊದಲ ಪ್ರಶ್ನೆ ಪಾಠದ್ದಲ್ಲ, ವಾಸದ್ದು. ಕಾಲೇಜಿನ ಹಾಸ್ಟೆಲಿನಲ್ಲಿ ಎಲ್ಲರಿಗೂ ಜಾಗ ಸಿಗುವುದಿಲ್ಲ. ಆಗ ಬೆಂಗಳೂರಿನ ವಿಜಯನಗರದಲ್ಲೋ, ಮೈಸೂರಿನ ಸರಸ್ವತಿಪುರಂನಲ್ಲೋ, ಧಾರವಾಡದ ಸಪ್ತಾಪುರದಲ್ಲೋ ಮಂಚ, ಹಾಸಿಗೆ, ಬೀರು, ಗೀಸರ್ ಎಲ್ಲವೂ ಇರುವ ಕೋಣೆಯೊಂದನ್ನು ಹುಡುಕಿಕೊಂಡು ಹೊರಡುತ್ತೀರಿ. ‘ಮನೆ ಕಟ್ಟಿ ನೋಡು’ ಎಂದರು ಹಿರಿಯರು. ಮನೆ ಬಾಡಿಗೆಗೆ ಹಿಡಿಯುವುದೂ ಅಷ್ಟೇನೂ ಸುಲಭದ ಕೆಲಸವಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನಾಲ್ವರು ಸ್ನೇಹಿತರು ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಮನೆ ಹಿಡಿಯುತ್ತೀರಿ ಎಂದುಕೊಳ್ಳಿ. ಬೆಂಗಳೂರಿನಲ್ಲಿ ಬಹುಕಾಲದಿಂದ ಬಂದ ರೂಢಿಯಂತೆ ಹತ್ತು ತಿಂಗಳ ಮುಂಗಡ ಕೇಳಿದರೆ ಅದು 1,20,000 ರೂಪಾಯಿ; ತಲಾ 30,000. ದಲ್ಲಾಳಿಯ ಮೂಲಕ ಹೋದರೆ ಅವರಿಗೊಂದು ತಿಂಗಳ ಬಾಡಿಗೆ ಬೇರೆ. ಈ ಹಣ ನಿಮ್ಮ ತಂದೆ ತೊಗರಿ ಮಾರಿ ಕೊಟ್ಟದ್ದಿರಬಹುದು, ತಾಯಿ ಸ್ವಸಹಾಯ ಸಂಘದಲ್ಲಿ ಸಾಲವೆತ್ತಿ ಕೊಟ್ಟದ್ದಿರಬಹುದು. ಓದು ಮುಗಿದಾಗ ಅದು ಪೂರ್ತಿ ಹಿಂದಿರುಗುವುದೇ, ಅಥವಾ ‘ಸುಣ್ಣಬಣ್ಣಕ್ಕೆ ಇಷ್ಟು, ಮುರಿದ ಮಂಚಕ್ಕೆ ಇಷ್ಟು’ ಎಂದು ಕರಗಿಹೋಗುವುದೇ ಎಂಬುದು ಬಹುಮಟ್ಟಿಗೆ ನೀವು ಮೊದಲ ವಾರ ಮಾಡುವ ಕೆಲಸದ ಮೇಲೆ ನಿಂತಿದೆ.

ನೀವು ಹಿಡಿಯುತ್ತಿರುವುದು ಏನು?

ಮೊದಲು ಇದನ್ನು ತಿಳಿಯಬೇಕು. ಸಾಮಾನ್ಯವಾಗಿ ಮೂರು ಬಗೆಗಳಿವೆ. ಒಂದು, ಬಾಡಿಗೆ ಮನೆ. ಇಲ್ಲಿ ಬಾಡಿಗೆ ಕೊಡುವವರೆಗೆ ಮನೆಯ ಸ್ವಾಧೀನ ನಿಮ್ಮದು. ಎರಡು, ಪೇಯಿಂಗ್ ಗೆಸ್ಟ್, ಅಂದರೆ ಪಿ.ಜಿ. ಇಲ್ಲಿ ನೀವು ಕೊಡುವ ಹಣ ಒಂದು ಮಂಚ, ಊಟ, ನೀರು, ಸ್ವಚ್ಛತೆ ಇವೆಲ್ಲ ಸೇವೆಗೆ. ಕೋಣೆಯನ್ನು ಬಳಸುವ ಅನುಮತಿ ನಿಮಗಿರುತ್ತದೆಯೇ ಹೊರತು ಸ್ವಾಧೀನ ನಡೆಸುವವರ ಕೈಯಲ್ಲೇ ಉಳಿಯುತ್ತದೆ. ಮೂರು, ಭೋಗ್ಯ. ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು, ಮಾಲೀಕರು ತೀರಿಸದೆ ಹೋದರೆ ನಿಮ್ಮ ಹಣ ಸಿಕ್ಕಿಕೊಳ್ಳುವ ಅಪಾಯವಿದೆ. ಋಣಭಾರ ಪ್ರಮಾಣಪತ್ರ ನೋಡದೆ, ಮನೆಯ ಹಿರಿಯರನ್ನು ಕೇಳದೆ ವಿದ್ಯಾರ್ಥಿಗಳು ಭೋಗ್ಯಕ್ಕೆ ಕೈ ಹಾಕದಿರುವುದೇ ಲೇಸು.

ಈಚಿನ ವರ್ಷಗಳಲ್ಲಿ ಇನ್ನೊಂದು ಪದ್ಧತಿ ಬಂದಿದೆ. ಮಾಲೀಕರು ಕಟ್ಟಡವನ್ನು ಒಂದು ನಿರ್ವಹಣಾ ಸಂಸ್ಥೆಗೆ ವಹಿಸುತ್ತಾರೆ. ಆ ಸಂಸ್ಥೆ ಕೋಣೆಗಳನ್ನು ಸಜ್ಜುಗೊಳಿಸಿ ವಿದ್ಯಾರ್ಥಿಗಳಿಗೆ ಕೊಡುತ್ತದೆ. ಇಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಮುಂಗಡ ಯಾರ ಕೈಯಲ್ಲಿರುತ್ತದೆ? ದುರಸ್ತಿ ಯಾರ ಹೊಣೆ? ಉತ್ತರ ಬರಹದಲ್ಲಿ ಇಲ್ಲದಿದ್ದರೆ, ನಲ್ಲಿ ಸೋರಿದ ದಿನ ಸಂಸ್ಥೆಯವರು ಮಾಲೀಕರನ್ನೂ, ಮಾಲೀಕರು ಸಂಸ್ಥೆಯವರನ್ನೂ ತೋರಿಸುತ್ತಾರೆ.

ಕಣ್ಣಿಟ್ಟು ನೋಡಿ

ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಮನೆ ನೋಡಿ. ನಲ್ಲಿ ತಿರುಗಿಸಿ, ಗೀಸರ್ ಹಾಕಿ, ಫ್ಯಾನು ತಿರುಗಿಸಿ, ಬಾಗಿಲಿನ ಚಿಲಕ ಹಾಕಿ ತೆಗೆದು ನೋಡಿ. ಗೋಡೆಯ ತೇವ ಹಾಸಿಗೆಯ ಹಿಂದೆ ಅಡಗಿರುತ್ತದೆ. ಮಂಚ ಸರಿಸಿ ನೋಡಲು ಸಂಕೋಚ ಬೇಡ. ನೀರು ಕಾವೇರಿಯದೋ, ಬೋರ್‌ವೆಲ್ಲಿನದೋ, ಟ್ಯಾಂಕರಿನದೋ? ಬೇಸಿಗೆಯಲ್ಲಿ ಟ್ಯಾಂಕರ್ ಹಣ ಯಾರು ಕೊಡಬೇಕು? ಅಲ್ಲಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನು ಮಾಲೀಕರಿಲ್ಲದಾಗ ಮಾತನಾಡಿಸಿ.

ವಿದ್ಯುತ್ ಬಿಲ್ಲಿನ ಆರ್.ಆರ್. ಸಂಖ್ಯೆ ಕೇಳಿ ಬರೆದುಕೊಳ್ಳಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರೂ ತಮ್ಮ ಆಧಾರ್ ಸಂಖ್ಯೆಯನ್ನು ಆ ಮನೆಯ ಸಂಪರ್ಕಕ್ಕೆ ಜೋಡಿಸಿ ಸೌಲಭ್ಯ ಪಡೆಯಬಹುದು. ಮನೆ ಬಿಡುವಾಗ ಆ ಜೋಡಣೆಯನ್ನು ಬಿಡಿಸಬೇಕು. ಪ್ರತ್ಯೇಕ ಮೀಟರ್ ಇಲ್ಲದೆ ಉಪಮೀಟರ್ ಇದ್ದರೆ, ಯೂನಿಟ್ಟಿಗೆ ಎಷ್ಟು ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ.

ಪಿ.ಜಿ. ಆದರೆ ಮಂಚಗಳನ್ನು ಎಣಿಸಿ. 2024ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಲಾ ಕನಿಷ್ಠ 70 ಚದರ ಅಡಿ ಜಾಗ ಮತ್ತು ದಿನಕ್ಕೆ ತಲಾ 135 ಲೀಟರ್ ನೀರು ಇರಬೇಕೆಂದು ಹೇಳಲಾಗಿತ್ತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ನಾಲ್ಕು ಮಂಚ ಹಾಕಿದ್ದರೆ ತಲೆಗೆ ಸಿಗುವುದು 25 ಚದರ ಅಡಿ ಮಾತ್ರ. ಇನ್ನೊಂದು ಮಾತು: ತಿಂಗಳಿಗೆ ತಲಾ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಇರುವ ವಸತಿಗೆ 2024ರ ಜುಲೈ ತಿಂಗಳಲ್ಲಿ ಜಿ.ಎಸ್.ಟಿ. ವಿನಾಯಿತಿ ನೀಡಲಾಯಿತು. ಬಿಲ್ಲಿನಲ್ಲಿ ಆ ತೆರಿಗೆ ಸೇರಿಸಿದ್ದರೆ ಕಾರಣ ಕೇಳಿ.

ಕರಾರು: ಹನ್ನೊಂದು ತಿಂಗಳೇಕೆ?

ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಇರುವುದನ್ನು ನೀವು ಕೇಳಿರಬಹುದು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಅವಧಿಯ ಗೇಣಿ ಅಥವಾ ಬಾಡಿಗೆ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳ ರೂಢಿ ಬಂದಿತು. ಇ-ಸ್ಟಾಂಪ್ ಕಾಗದದ ಮೇಲೆ ಬರೆದು, ಇಬ್ಬರೂ ಸಹಿ ಮಾಡಿ, ಸಾಕ್ಷಿಗಳ ಸಹಿ ಹಾಕಿಸಿ ಒಂದು ಪ್ರತಿ ನೀವು ಇಟ್ಟುಕೊಳ್ಳಬೇಕು.

1872ರ ಭಾರತೀಯ ಕರಾರು ಕಾಯಿದೆಯಂತೆ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಆದ್ದರಿಂದ ಪಿ.ಯು.ಸಿ. ವಿದ್ಯಾರ್ಥಿಗಳ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಸಹಿ ಮಾಡುವುದು ಸೂಕ್ತ. ನಾಲ್ವರು ಇರುವ ಮನೆಗೆ ಒಬ್ಬನೇ ಸಹಿ ಮಾಡಿದರೆ, ಉಳಿದ ಮೂವರು ನಡುವೆ ಬಿಟ್ಟು ಹೋದಾಗ ಪೂರ್ತಿ ಬಾಡಿಗೆಯ ಹೊರೆ ಅವನ ತಲೆಗೆ. ಅವನೇ ಜಗಳವಾಡಿ ಹೋದರೆ ಉಳಿದವರ ಮುಂಗಡಕ್ಕೆ ದಾಖಲೆಯೇ ಇಲ್ಲ. ನಾಲ್ವರ ಹೆಸರೂ, ಯಾರು ಎಷ್ಟು ಕೊಟ್ಟರೆಂಬುದೂ ಕರಾರಿನಲ್ಲಿರಲಿ.

ಕರಾರಿನಲ್ಲಿ ಈ ಐದು ಸಂಗತಿ ಇವೆಯೇ ನೋಡಿ. ಬಾಡಿಗೆ ಎಷ್ಟು, ಯಾವ ತಾರೀಖಿಗೆ. ಮುಂಗಡ ಎಷ್ಟು, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸು. ಬಿಡಲು ಎಷ್ಟು ದಿನದ ಮುನ್ಸೂಚನೆ. ಯಾವ ದುರಸ್ತಿ ಯಾರದು. ಸುಣ್ಣಬಣ್ಣಕ್ಕೆ ಕಡಿತ ಉಂಟೇ, ಉಂಟಾದರೆ ಎಷ್ಟು. ‘ಅದೆಲ್ಲ ಯಾಕಪ್ಪ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದು ಮಾಲೀಕರು ಕೇಳಬಹುದು. ‘ನಂಬಿಕೆ ಇದೆ ಅಂಕಲ್, ಮನೇಲಿ ಅಪ್ಪ ತೋರಿಸು ಅಂತಾರೆ’ ಎಂದು ವಿನಯದಿಂದ ಹೇಳಿ, ಬರೆಸಿಕೊಳ್ಳಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ನಗದು ಕೊಡಲೇಬೇಕಾದರೆ ರಸೀದಿ ಇಲ್ಲದೆ ಕೊಡಬೇಡಿ.

ಸಾಮಾನಿನ ಪಟ್ಟಿ

ಸಾಮಾನು ಸಮೇತ ಮನೆ ಹಿಡಿದವರು ಮಾಡಲೇಬೇಕಾದ ಕೆಲಸವಿದು. ಮೊದಲ ದಿನವೇ ಒಂದೊಂದು ವಸ್ತುವನ್ನೂ ಅದರ ಸ್ಥಿತಿಯೊಡನೆ ಬರೆಯಿರಿ. ‘ಮಂಚ 4, ಒಂದರ ಹಲಗೆ ಬಿರುಕು. ಬೀರು 2, ಒಂದರ ಬೀಗದ ಕೈ ಇಲ್ಲ. ಫ್ರಿಜ್ 1, ಕೆಳಗಿನ ಖಾನೆ ಒಡೆದಿದೆ. ಫ್ಯಾನು 3, ಅಡುಗೆಮನೆಯದು ಸದ್ದು ಮಾಡುತ್ತದೆ.’ ಹೀಗೆ. ಮೀಟರಿನ ಅಂಕಿಯನ್ನೂ ಸೇರಿಸಿ, ಇಬ್ಬರೂ ಸಹಿ ಮಾಡಿ. ಮೊಬೈಲಿನಲ್ಲಿ ಪ್ರತಿ ಗೋಡೆಯ, ಪ್ರತಿ ವಸ್ತುವಿನ ಚಿತ್ರ ತೆಗೆದು ಅದೇ ದಿನ ಮಾಲೀಕರಿಗೆ ಕಳುಹಿಸಿ. ಆ ಸಂದೇಶದ ತಾರೀಖೇ ನಿಮ್ಮ ಸಾಕ್ಷಿ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಂತೆ ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ದಿನನಿತ್ಯದ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಎರಡು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು ಸವೆತ. ಗೋಡೆಗೆ ಚೆಂಡು ಹೊಡೆದು ಗಾರೆ ಉದುರಿಸುವುದು ಹಾನಿ. ಎರಡನೆಯದಕ್ಕೆ ಹಣ ಕೊಡುವುದು ನ್ಯಾಯ.

ದುರಸ್ತಿ ಮಾಡಿಸದಿದ್ದರೆ?

ಗೀಸರ್ ಕೆಟ್ಟಿದೆ, ಶೌಚಾಲಯದ ಪೈಪು ಸೋರುತ್ತಿದೆ. ಫೋನು ಮಾಡಿದಾಗೆಲ್ಲ ‘ನಾಳೆ ಕಳಿಸ್ತೀನಿ’ ಎಂಬ ಉತ್ತರ. ಇಲ್ಲಿ ಸಿಟ್ಟಿನ ಮಾತಿಗಿಂತ ಶಾಂತವಾದ ಬರಹ ಹೆಚ್ಚು ಕೆಲಸ ಮಾಡುತ್ತದೆ. ಹೀಗೆ ಬರೆಯಬಹುದು:

‘ಮಾನ್ಯರೇ, ತಮ್ಮ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ನಾವು ತಿಳಿಸುವುದೇನೆಂದರೆ, ಜೂನ್ 3ರಿಂದ ಶೌಚಾಲಯದ ಪೈಪು ಸೋರುತ್ತಿದೆ. 4 ಮತ್ತು 9ರಂದು ಫೋನಿನಲ್ಲಿ ತಿಳಿಸಿದ್ದೆವು. ನೀರು ಕೋಣೆಗೆ ಬರುತ್ತಿರುವುದರಿಂದ ಏಳು ದಿನದೊಳಗೆ ದುರಸ್ತಿ ಮಾಡಿಸಿಕೊಡಬೇಕೆಂದು ಕೋರುತ್ತೇವೆ. ಚಿತ್ರ ಲಗತ್ತಿಸಿದೆ.’

ಅದೇ 108ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ‘ಮಾಡಿಸಲೇಬೇಕಾದ’ ಎಂಬ ಮಾತನ್ನು ಗಮನಿಸಿ. ದುರಸ್ತಿ ಯಾರದೆಂದು ಕರಾರಿನಲ್ಲಿ ಇರಬೇಕೆಂದದ್ದು ಇದಕ್ಕೇ. ಮುನ್ಸೂಚನೆಯ ಪತ್ರ, ಕೆಲಸದವರ ರಸೀದಿ, ಮುಂಚಿನ ಹಾಗೂ ಆಮೇಲಿನ ಚಿತ್ರ, ಈ ಮೂರೂ ಇಲ್ಲದೆ ಬಾಡಿಗೆ ಕಡಿತಕ್ಕೆ ಹೋಗಬೇಡಿ. ಬಾಡಿಗೆಯನ್ನು ಪೂರ್ತಿ ನಿಲ್ಲಿಸುವುದಂತೂ ತಪ್ಪು. ಹಾಗೆ ಮಾಡಿದರೆ ನ್ಯಾಯ ನಿಮ್ಮ ಕಡೆಯಿದ್ದರೂ ನೀವೇ ಬಾಕಿದಾರರಾಗುತ್ತೀರಿ.

ಬೀಗ ಹಾಕಿದರೆ?

ಪರೀಕ್ಷೆಯ ಸಮಯದಲ್ಲಿ ‘ನಾಳೆಯೇ ಖಾಲಿ ಮಾಡಿ’ ಎಂದು ಸಾಮಾನು ಹೊರಗಿಟ್ಟು ಬೀಗ ಹಾಕಿದರೆ ಏನು ಮಾಡಬೇಕು? ಬಾಡಿಗೆದಾರನನ್ನು ಕಾನೂನಿನ ಕ್ರಮವಿಲ್ಲದೆ ಬಲವಂತವಾಗಿ ಹೊರಹಾಕುವಂತಿಲ್ಲ. ಹಾಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಂತೆ ಆರು ತಿಂಗಳೊಳಗೆ ಸ್ವಾಧೀನಕ್ಕಾಗಿ ದಾವೆ ಹೂಡಬಹುದು. ಬೆದರಿಕೆ, ಕೈಮಾಡುವುದು ನಡೆದರೆ ಕೂಡಲೇ 112ಕ್ಕೆ ಕರೆ ಮಾಡಿ. ಪಿ.ಜಿ.ಯಲ್ಲಿ ಈ ರಕ್ಷಣೆ ಇಷ್ಟು ಗಟ್ಟಿಯಾಗಿಲ್ಲ. ಆದ್ದರಿಂದ ಅಲ್ಲಿ ಪ್ರವೇಶದ ಸಮಯದಲ್ಲೇ ನಿಯಮಗಳ ಪ್ರತಿ ಮತ್ತು ಮುಂಗಡದ ರಸೀದಿ ಪಡೆಯುವುದು ಇನ್ನೂ ಮುಖ್ಯ.

ಬಾಡಿಗೆಗೆಂದೇ ನಮ್ಮಲ್ಲಿ ಕಾಯಿದೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಆದರೆ ಅದು ರೂಪುಗೊಂಡಾಗ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದರ ಹೊರಗಿಡಲಾಯಿತು. ಹಾಗಾಗಿ ಇಂದಿನ ವಿದ್ಯಾರ್ಥಿಗಳ ಬಹಳಷ್ಟು ಮನೆಗಳಿಗೆ ಕರಾರುಪತ್ರ ಮತ್ತು ಸ್ವತ್ತು ವರ್ಗಾವಣೆ ಕಾಯಿದೆಯೇ ಆಧಾರ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಹೇಳುತ್ತದೆ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ.

ಮನೆ ಬಿಡುವಾಗ

ಕರಾರಿನಲ್ಲಿ ಹೇಳಿದಷ್ಟು ದಿನ ಮೊದಲು ಬರಹದಲ್ಲಿ ತಿಳಿಸಿ. ಬೇರೆ ಒಪ್ಪಂದವಿಲ್ಲದ ತಿಂಗಳ ಬಾಡಿಗೆಗೆ ಕಾಯಿದೆ ಹೇಳುವ ಮುನ್ಸೂಚನೆ 15 ದಿನ. ಕೊನೆಯ ದಿನ ಹಳೆಯ ಪಟ್ಟಿ ಹಿಡಿದು ಮಾಲೀಕರ ಜೊತೆಯಲ್ಲೇ ಮನೆ ಸುತ್ತಿ, ಮತ್ತೆ ಚಿತ್ರ ತೆಗೆದು, ಬೀಗದ ಕೈ ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಕಡಿತ ಮಾಡಿದರೆ ಬಾಬ್ತುವಾರು ಲೆಕ್ಕ ಕೇಳಿ. ‘ಕೊನೆಯ ಬಾಡಿಗೆಗಳನ್ನು ಮುಂಗಡದಲ್ಲೇ ವಜಾ ಮಾಡಿಕೊಳ್ಳಿ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಮಾಲೀಕರ ಒಪ್ಪಿಗೆ ಬರಹದಲ್ಲಿದ್ದರೆ ಮಾತ್ರ ಹಾಗೆ ಮಾಡಿ.

ಹಣ ಬಾರದಿದ್ದರೆ? ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ. ಅನಂತರ ವಕೀಲರ ನೋಟೀಸು. ವಕೀಲರಿಗೆ ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರದ ಕಚೇರಿಯಿದೆ, ಸಹಾಯವಾಣಿ 15100. ಪಿ.ಜಿ.ಯವರು ಹೇಳಿದ ಊಟ, ಸೇವೆ ಕೊಡದಿದ್ದರೆ ಅದು ಸೇವೆಯ ಕೊರತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು.

ಕೊನೆಯದಾಗಿ ಒಂದು ಮಾತು. ಮಾಲೀಕರೆಲ್ಲರೂ ಕೆಟ್ಟವರಲ್ಲ. ನಿವೃತ್ತಿಯ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿ, ಅದರ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ವೃದ್ಧ ದಂಪತಿಗಳೂ ಇದ್ದಾರೆ. ತಾರೀಖು ತಪ್ಪದೆ ಬಾಡಿಗೆ ಕೊಡಿ, ನೀರನ್ನು ಹಿತಮಿತವಾಗಿ ಬಳಸಿ, ರಾತ್ರಿ ಗದ್ದಲ ಮಾಡಬೇಡಿ, ಕೇಳಿದಾಗ ಗುರುತಿನ ಚೀಟಿಯ ಪ್ರತಿ ಕೊಡಿ. ನಿಮ್ಮ ನಡತೆ ಚೆನ್ನಾಗಿದ್ದರೆ ಮುಂದಿನ ವರ್ಷ ಊರಿನಿಂದ ಬರುವ ನಿಮ್ಮ ತಮ್ಮ ತಂಗಿಯರಿಗೂ ಆ ಮನೆಯ ಬಾಗಿಲು ತೆರೆದಿರುತ್ತದೆ. ಈ ವಾರವೇ ನಿಮ್ಮ ಕರಾರುಪತ್ರವನ್ನು ಹೊರತೆಗೆದು ಒಮ್ಮೆ ಪೂರ್ತಿ ಓದಿ. ಸಾಮಾನಿನ ಪಟ್ಟಿ ಇಲ್ಲವೆಂದಾದರೆ ಇಂದೇ ಬರೆಯಲು ಕೂತುಕೊಳ್ಳಿ. ಇದ್ದ ಸ್ಥಿತಿಯನ್ನು ಇಂದಿನ ತಾರೀಖಿನಲ್ಲಿ ದಾಖಲಿಸಿದರೂ ಅದಕ್ಕೆ ಬೆಲೆಯುಂಟು.