ಕೆಮ್ಮೂ ಹಾಜರಿ ಪುಸ್ತಕವೂ

ಮುಂಗಾರು ಹಿಡಿದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ ಬೆಂಗಳೂರಿನ ಯಾವ ತರಗತಿಗೆ ಹೋದರೂ ಮೊದಲು ಕಿವಿಗೆ ಬೀಳುವುದು ಕೆಮ್ಮಿನ ಸದ್ದು. ಸೋಮವಾರದಂದು ಹಿಂದಿನ ಬೆಂಚಿನ ಮೂಲೆಯಿಂದ ಹೊರಟ ಒಂಟಿ ಕೆಮ್ಮು ಗುರುವಾರದ ಹೊತ್ತಿಗೆ ಮೇಳವಾಗಿರುತ್ತದೆ. ಪಾಠ ಹೇಳುವವನು ವಾಕ್ಯದ ನಡುವೆ ನಿಂತು, ಅದು ಅಡಗಿದ ಮೇಲೆ ಮುಂದುವರಿಯುವುದನ್ನು ರೂಢಿಮಾಡಿಕೊಳ್ಳಬೇಕಾಗುತ್ತದೆ. ಊರಿನ ಹವೆಯೇ ಹಾಗೆ ಎಂದು ಹೇಳಿ ಸುಮ್ಮನಾಗುವುದು ನಮ್ಮೆಲ್ಲರ ವಾಡಿಕೆ.

ಇಂಥ ಸಮಯದಲ್ಲಿ ವಿದ್ಯಾಸಂಸ್ಥೆಗಳು ತಪ್ಪದೆ ಮಾಡುವ ಕೆಲಸವೊಂದುಂಟು. ಗೋಡೆಗೆ ಪ್ರಕಟಣೆ ಅಂಟಿಸುವುದು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಕೈ ತೊಳೆಯಿರಿ, ಎಚ್ಚರದಿಂದಿರಿ. ಮಾತೇನೋ ಸರಿಯೇ. ಆದರೆ ಅದರ ಹಿಂದೆ, ವಿದ್ಯಾರ್ಥಿಗೆ ತಿಳಿವಳಿಕೆ ಸಾಲದು, ತಿಳಿಯಹೇಳಿದರೆ ರೋಗ ತಾನಾಗಿ ನಿಲ್ಲುತ್ತದೆ ಎಂಬ ಊಹೆಯೊಂದು ಅಡಗಿದೆ. ಈ ಊಹೆ ಎಷ್ಟು ದುರ್ಬಲವೆಂಬುದು ನಮ್ಮ ಊರಿನಲ್ಲಿಯೇ, ಅರವತ್ತು ವರ್ಷಗಳಿಗೂ ಹಿಂದೆ, ಸಾಕ್ಷ್ಯಸಮೇತ ಗೊತ್ತಾಗಿದೆ.

ದಂಡುಪ್ರದೇಶದ ವಾಯವ್ಯಕ್ಕೆ, ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು, ಅವರಿಗೆ ತಮ್ಮ ಕಾಯಿಲೆಯ ಅರಿವೆಷ್ಟಿದೆಯೆಂದು ವಿಚಾರಿಸಿ, 1963ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಳ್ಳಿಯ ಜನ ಅಜ್ಞಾನದಿಂದ ಮನೆಯಲ್ಲಿ ಕುಳಿತಿರುತ್ತಾರೆ ಎಂಬುದು ಅಂದಿನ ಪಂಡಿತರ ನಂಬಿಕೆ. ಕಂಡುಬಂದದ್ದು ಬೇರೆ. ರೋಗಿಗಳಲ್ಲಿ ನೂರಕ್ಕೆ 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಬಹುಮಂದಿ ಅದಕ್ಕಾಗಿ ಚಿಂತಿಸುತ್ತಲೂ ಇದ್ದರು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಒಂದು ಸೀಸೆ! ಕೊರತೆಯಿದ್ದುದು ರೋಗಿಯ ತಿಳಿವಳಿಕೆಯಲ್ಲಲ್ಲ, ಬಾಗಿಲ ಒಳಗಿನ ವ್ಯವಸ್ಥೆಯಲ್ಲಿ. ನಮ್ಮ ದೇಶದ ಕ್ಷಯನಿವಾರಣಾ ಕಾರ್ಯಕ್ರಮವು ಸಾಮಾನ್ಯ ಆಸ್ಪತ್ರೆಗಳಿಗೆ ಬರುವ ಕೆಮ್ಮಿನವರ ಕಫವನ್ನು ಪರೀಕ್ಷಿಸುವ ಮಾರ್ಗವನ್ನು ಹಿಡಿದುದಕ್ಕೆ ಇಂಥ ಅಧ್ಯಯನಗಳೇ ಆಧಾರವಾದುವು.

ತುಮಕೂರಿನ ಹಳ್ಳಿಗೂ ಇಂದಿನ ಕಾಲೇಜಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ನಾನು ಬಲ್ಲ ಒಬ್ಬ ತರುಣನ ಸಂಗತಿಯನ್ನು ಹೇಳುತ್ತೇನೆ. ದೂರದ ಜಿಲ್ಲೆಯಿಂದ ಓದಲು ಬಂದವನು, ಮನೆಗೆ ಹಿರಿಯ ಮಗ. ಕೃಷ್ಣರಾಜಪುರದ ಬಳಿ, ನಾಲ್ಕು ಮಂಚಗಳ ಒಂದು ಬಾಡಿಗೆ ಕೋಣೆಯಲ್ಲಿ ಅವನ ವಾಸ. ಇದ್ದ ಒಂದೇ ಕಿಟಕಿ ಹೆದ್ದಾರಿಯ ಕಡೆಗೆ. ಹಗಲು ಧೂಳೆಂದು, ಇರುಳು ಸೊಳ್ಳೆಯೆಂದು ಅದು ಮುಚ್ಚಿಯೇ ಇರುತ್ತಿತ್ತು. ಐದು ವಾರ ಕೆಮ್ಮಿದ. ಔಷಧದ ಅಂಗಡಿಯಿಂದ ಎರಡು ಸೀಸೆ ಕುಡಿದ. ಅವನಿಗೆ ತಿಳಿದಿರಲಿಲ್ಲವೆ? ಕೈಯಲ್ಲಿದ್ದ ಫೋನಿನಲ್ಲಿ ಎಲ್ಲವನ್ನೂ ಓದಿಕೊಂಡಿದ್ದ. ಇದು ಕ್ಷಯವಿರಬಹುದೆಂಬ ಶಂಕೆ ಮೂರನೆಯ ವಾರದಲ್ಲೇ ಬಂದಿತ್ತು. ಆದರೂ ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ನೂರಕ್ಕೆ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ ಎಂಬುದು ಒಂದು ಭಯ. ರೋಗದ ಹೆಸರು ಹೊರಬಿದ್ದರೆ ಕೋಣೆಯ ಯಜಮಾನ ಮಂಚ ಖಾಲಿಮಾಡು ಎನ್ನುವನೆಂಬುದು ಇನ್ನೊಂದು. ಎರಡೂ ವಿವೇಕದ ಭಯಗಳೇ. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆಯಾಗಿ, ಆರು ತಿಂಗಳು ಮಾತ್ರೆ ನುಂಗಿ ಗುಣವಾದ. ಜೊತೆಯ ಮೂವರನ್ನೂ ಪರೀಕ್ಷಿಸಿದರು. ಆದರೆ ಅವನ ಅರ್ಧ ವರ್ಷದ ಓದು ಹೋಯಿತು. ಊರಿನಲ್ಲಿ ತಂಗಿಯ ಕಾಲೇಜು ಪ್ರವೇಶವೂ ಒಂದು ವರ್ಷ ಮುಂದಕ್ಕೆ ಬಿತ್ತು.

ಹಾಜರಿ ಪುಸ್ತಕವನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ಕೆಲವು ಮಧ್ಯಾಹ್ನಗಳಲ್ಲಿ ನನ್ನ ಪಾಠಕ್ಕೆ ಬೆಂಚುಗಳೇ ಶ್ರೋತೃಗಳಾಗಿರುತ್ತಿದ್ದುವು. ಆದರೆ ಎರಡು ದಿನದ ಜ್ವರಕ್ಕೂ ವೈದ್ಯರ ಪ್ರಮಾಣಪತ್ರ ಬೇಕೆಂದರೆ, ಆ ಪತ್ರಕ್ಕೆ ತೆರಬೇಕಾದ ಹಣವನ್ನೂ ಕಾಯಬೇಕಾದ ಹೊತ್ತನ್ನೂ ಲೆಕ್ಕಹಾಕಿ ವಿದ್ಯಾರ್ಥಿಯು ಜ್ವರದೊಡನೆಯೇ ತರಗತಿಗೆ ಬರುತ್ತಾನೆ. ಅವನ ಎಡಕ್ಕೂ ಬಲಕ್ಕೂ ಕುಳಿತವರು ಮುಂದಿನ ವಾರ ಮಲಗುತ್ತಾರೆ. ಒಂದು ಅವಧಿಗೆ ಐದಾರು ದಿನ, ವಿದ್ಯಾರ್ಥಿಯ ಮಾತನ್ನೇ ನಂಬಿ ರಜೆ ಕೊಟ್ಟರೆ ಆಕಾಶವೇನೂ ಕಳಚಿಬೀಳದು. ನಿಯಮಗಳು ಬಾಗಬಲ್ಲುವೆಂಬುದನ್ನು ನಾವೇ ಕಂಡಿದ್ದೇವಲ್ಲ! 2020ರ ಮಾರ್ಚ್ 13ರಂದು ಆದ ಸರ್ಕಾರದ ಘೋಷಣೆಯಿಂದ ರಾಜ್ಯದ ಕಾಲೇಜುಗಳೆಲ್ಲ ಮುಚ್ಚಿದುವು. ಅದೇ ವರ್ಷ ನವೆಂಬರ್ 17ರಂದು ಮತ್ತೆ ತೆರೆದಾಗ, ಬರಲೊಲ್ಲದವರು ಮನೆಯಿಂದಲೇ ಪಾಠ ಕೇಳಬಹುದೆಂದು ಅವಕಾಶವಿತ್ತರು.

ಆ ಕಾಲದ ಇನ್ನೊಂದು ಸಂಗತಿ ಮರೆಯುವಂತಹುದಲ್ಲ. 2021ರ ಫೆಬ್ರವರಿಯಲ್ಲಿ ಕಾವಲ್ ಬೈರಸಂದ್ರದ ಒಂದು ನರ್ಸಿಂಗ್ ಕಾಲೇಜಿನಲ್ಲಿ 40ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಕೋವಿಡ್ ತಗುಲಿತು. ರೋಗಶುಶ್ರೂಷೆಯನ್ನೇ ಕಲಿಯುತ್ತಿದ್ದವರು ಅವರು. ಮುಖಗವಸನ್ನು ಕುರಿತು ಅವರಿಗೆ ಹೇಳಿಕೊಡಬೇಕಾದುದು ಏನಿತ್ತು?

ಉಳಿದದ್ದು ಗಾಳಿಯ ಮಾತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1950ರ ದಶಕದ ಕೊನೆಯಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯದ ವಾರ್ಡೊಂದರ ಗಾಳಿಯನ್ನು ಕೊಳವೆಯ ಮೂಲಕ ಮೇಲೊಯ್ದು ಗಿನಿಪಿಗ್ಗುಗಳಿದ್ದ ಕೋಣೆಗೆ ಹರಿಸಿದರು. ರೋಗಿಗಳನ್ನು ಆ ಪ್ರಾಣಿಗಳು ಕಂಡವೂ ಅಲ್ಲ, ಮುಟ್ಟಿದವೂ ಅಲ್ಲ. ಆದರೂ ಅವುಗಳಲ್ಲಿ ಹಲವಕ್ಕೆ ಕ್ಷಯ ಅಂಟಿತು. ಕೋಣೆಯ ಗಾಳಿಯೇ ರೋಗದ ವಾಹನವೆಂದು ಅಲ್ಲಿಗೆ ಸ್ಥಿರಪಟ್ಟಿತು. ಹಾಗಾದರೆ ಗಾಳಿಯನ್ನು ಬದಲಿಸುವುದು ಹೇಗೆ? ಪೆರು ದೇಶದ ಲಿಮಾದ ಆಸ್ಪತ್ರೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಫಲಿತಾಂಶ ನಮ್ಮ ದಂಡಿನವರಿಗೆ ಹಿತವೆನಿಸಬೇಕು. 1950ಕ್ಕೆ ಮೊದಲು ಕಟ್ಟಿದ, ಎತ್ತರದ ಮಾಳಿಗೆಯ, ದೊಡ್ಡ ಕಿಟಕಿಗಳ ಹಳೆಯ ಕೋಣೆಗಳಲ್ಲಿ ಕಿಟಕಿ ತೆರೆದಾಗ ಗಂಟೆಗೆ ಸುಮಾರು 40 ಸಲ ಗಾಳಿ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ ಸುಮಾರು 17 ಸಲ. ಯಂತ್ರದಿಂದ ಗಾಳಿಯೂದುವ ಕೋಣೆಗಳು ಇನ್ನೂ ಹಿಂದುಳಿದುವು.

ಈ ಪಾಠವನ್ನು ದಂಡು ಒಮ್ಮೆ ಕಲಿತಿತ್ತು. 1898ರ ಪ್ಲೇಗು ಊರನ್ನು ನಡುಗಿಸಿದ ಮೇಲೆ, ಇಕ್ಕಟ್ಟಿನ ಕೇರಿಗಳ ಜನರಿಗಾಗಿ 1906ರಿಂದಾಚೆಗೆ ಫ್ರೇಜರ್ ಟೌನ್, ಅಂದರೆ ಇಂದಿನ ಪುಲಕೇಶಿನಗರ, ರೂಪುಗೊಂಡಿತು. ಅದನ್ನು ಯೋಜಿಸಿದ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸರು ಪ್ಲೇಗು ತಡೆಯುವ ಪಟ್ಟಣದ ನಿರ್ಮಾಣವನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪ್ಲೇಗಿನ ಮುಖ್ಯ ವಾಹನ ಇಲಿಯ ಚಿಗಟ. ಆದುದರಿಂದ ಇಲಿ ನುಸುಳದ ನೆಲವೇ ಅವರ ಮುಖ್ಯ ಗುರಿ. ಆದರೆ ಜೊತೆಗೇ ಮನೆಯ ಸುತ್ತ ಬಯಲು, ಕೋಣೆಗೆ ಗಾಳಿಬೆಳಕು ಬಂದುವು. ಇಂದು ಹಳೆಯ ಮದ್ರಾಸ್ ರಸ್ತೆಯುದ್ದಕ್ಕೂ ಎದ್ದು ನಿಂತ ಗಾಜಿನ ಕಟ್ಟಡಗಳಲ್ಲಿ ತೆರೆಯಬಲ್ಲ ಕಿಟಕಿಯನ್ನು ಹುಡುಕಬೇಕು.

ಕಿಟಕಿ ತೆರೆದರೆ ರಸ್ತೆಯ ಹೊಗೆ ಬಾರದೆ? ಬರುತ್ತದೆ, ಉಬ್ಬಸದವರಿಗೆ ಅದು ಶತ್ರು. ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಳ ಕಾಲ ಪರಿಶೀಲಿಸಿ, ಉಬ್ಬಸವುಳ್ಳವರ ಪ್ರಮಾಣ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ರಲ್ಲಿ 29.5ಕ್ಕೆ ಏರಿತೆಂದು ವರದಿ ಮಾಡಿದರು. ಅಂದಿನ ಮಕ್ಕಳ ಮಕ್ಕಳು ಇಂದು ನಮ್ಮ ತರಗತಿಗಳಿಗೆ ಬರುತ್ತಿದ್ದಾರೆ. ಆದುದರಿಂದ ರಸ್ತೆಗೆ ಬೆನ್ನಾದ ಕಡೆಯ ಕಿಟಕಿ, ಮೇಲಿನ ಗವಾಕ್ಷಿ, ಪಾಠಗಳ ನಡುವೆ ಹತ್ತು ನಿಮಿಷ ಬಾಗಿಲೆಲ್ಲ ತೆರೆದಿಡುವುದು, ಇವೇ ಮೇಲು. ಇಂಗಾಲದ ಡೈಆಕ್ಸೈಡನ್ನು ಅಳೆಯುವ ಪುಟ್ಟ ಯಂತ್ರಗಳು ಈಗ ದೊರೆಯುತ್ತವೆ. ಹೊರಗಿನ ಗಾಳಿಯಲ್ಲಿ ಅದು ದಶಲಕ್ಷಕ್ಕೆ ಸುಮಾರು 420 ಭಾಗ. ಕೋಣೆಯಲ್ಲಿ 1000 ದಾಟಿತೆಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಸೇದುತ್ತಿದ್ದಾರೆಂದು ತಿಳಿಯಬೇಕು.

ಮಕ್ಕಳನ್ನು ದೂರದಲ್ಲಿರಿಸಿ ಓದಿಸುವ ತಾಯ್ತಂದೆಯರು ಫೋನಿನಲ್ಲಿ ಊಟವಾಯಿತೇ ಎಂದು ಕೇಳುವಾಗ ಕೆಮ್ಮು ಎಷ್ಟು ದಿನದ್ದೆಂದೂ ಕೇಳಲಿ. ಎರಡು ವಾರ ದಾಟಿದ್ದರೆ ಕಫಪರೀಕ್ಷೆ ಆಗಲೇಬೇಕು. ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸಿ. ವಿ. ರಾಮನ್ ಮೊದಲಾದ ಸರ್ಕಾರಿ ಆಸ್ಪತ್ರೆಗಳಿರುವುದು ಇದಕ್ಕೇ. ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ತಿಂಗಳ ಹಣವನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಿದ್ದಾರೆ. ಔಷಧ ಹಿಡಿದರೆ ಕೆಲವೇ ವಾರಗಳಲ್ಲಿ ರೋಗಿಯಿಂದ ಇತರರಿಗೆ ಅಂಟುವ ಭಯ ಬಹುಮಟ್ಟಿಗೆ ತಗ್ಗುತ್ತದೆಂಬುದನ್ನು ಕೋಣೆಯ ಯಜಮಾನರಿಗೂ ಯಾರಾದರೂ ಹೇಳಬೇಕು. ಇನ್ನು ವಿದ್ಯಾರ್ಥಿನಿಲಯವನ್ನು ನೋಡಲು ಹೋದಾಗ, ಊಟದ ಪಟ್ಟಿಯನ್ನು ಓದುವ ಮೊದಲು ಕೋಣೆಯ ಕಿಟಕಿಯನ್ನು ಒಮ್ಮೆ ತಳ್ಳಿ ನೋಡಿ. ಜ್ವರ ಬಂದವನನ್ನು ನಾಲ್ಕು ದಿನ ಬೇರೆ ಮಲಗಿಸಲು ಒಂದು ಖಾಲಿ ಕೋಣೆ ಇದೆಯೇ ಎಂದು ಮೇಲ್ವಿಚಾರಕರನ್ನು ಕೇಳಿ.