ತವರು ತೊರೆದವರ ಜಾಝ್

1975ರ ಡಿಸೆಂಬರ್ 23. ಲಂಡನ್‌ನಲ್ಲಿ ಗೆಳೆಯನ ಶ್ರದ್ಧಾಂಜಲಿ ಸಭೆ ಮುಗಿಸಿಕೊಂಡು ನಾಲ್ವರು ಸಂಗೀತಗಾರರು ನೇರ ಸ್ಟುಡಿಯೊಗೆ ಬಂದರು. ಟ್ರಂಪೆಟ್ ವಾದಕ ಮೊಂಗೇಜಿ ಫೇಜಾ ತೀರಿಕೊಂಡು ಹತ್ತು ದಿನವೂ ಆಗಿರಲಿಲ್ಲ. ವಯಸ್ಸು ಬರೀ 30. ಏನು ನುಡಿಸಬೇಕೆಂದು ಯಾರೂ ಮಾತಾಡಿಕೊಳ್ಳಲಿಲ್ಲ, ನುಡಿಸತೊಡಗಿದರು. ಹಾಗೆ ಹುಟ್ಟಿದ್ದು ‘ಬ್ಲೂ ನೋಟ್ಸ್ ಫಾರ್ ಮೊಂಗೇಜಿ’. ತಾಳವಾದ್ಯಗಳ ಸದ್ದಿನ ನಡುವೆ ಬಾಸ್ ವಾದಕ ಜಾನಿ ಡ್ಯಾನಿ ಖೋಸಾ ಭಾಷೆಯಲ್ಲಿ ಕೂಗಿ ಕರೆಯುತ್ತಾರೆ. ಡುಡು ಪುಕ್ವಾನಾ ಅವರ ಆಲ್ಟೊ ಸ್ಯಾಕ್ಸೊಫೋನ್ ಗೋಳಾಡುತ್ತಲೇ ಊರಿನ ಕುಣಿತದ ಲಯಕ್ಕೆ ಹೊರಳುತ್ತದೆ. ದುಃಖವನ್ನೂ ಕುಣಿತವನ್ನೂ ಬೇರೆ ಮಾಡದ ಈ ಗುಣವೇ ದಕ್ಷಿಣ ಆಫ್ರಿಕದಿಂದ ಹೊರಬಿದ್ದವರ ಜಾಝ್‌ನ ಜೀವ.

ಫೇಜಾ ಮತ್ತು ಈ ನಾಲ್ವರು ಇದ್ದ ಬ್ಲೂ ನೋಟ್ಸ್ ತಂಡದ ಪಿಯಾನೊ ವಾದಕ ಕ್ರಿಸ್ ಮೆಕ್‌ಗ್ರೆಗರ್ ಬಿಳಿಯರು, ಉಳಿದ ಐವರು ಕರಿಯರು. ವರ್ಣಭೇದದ ಆಳ್ವಿಕೆಯಲ್ಲಿ ಅವರೆಲ್ಲ ಒಂದೇ ವೇದಿಕೆ ಹತ್ತುವುದೇ ಅಪಾಯವಾಗಿತ್ತು. 1964ರಲ್ಲಿ ಫ್ರಾನ್ಸಿನ ಆಂಟೀಬ್ ಜಾಝ್ ಉತ್ಸವಕ್ಕೆಂದು ಹೊರಟವರಲ್ಲಿ ನಿಕೆಲೆ ಮೊಯಾಕೆ ಮಾತ್ರ ಊರಿಗೆ ಮರಳಿದರು. ಮಿಕ್ಕವರು ಲಂಡನ್ ಸೇರಿದರು. ಅಲ್ಲಿ ಮೆಕ್‌ಗ್ರೆಗರ್ ಬ್ರಿಟಿಷ್ ವಾದಕರನ್ನೂ ಕೂಡಿಸಿಕೊಂಡು ಕಟ್ಟಿದ ದೊಡ್ಡ ತಂಡ ‘ಬ್ರದರ್‌ಹುಡ್ ಆಫ್ ಬ್ರೆತ್’. ಅದೇ ಹೆಸರಿನ 1971ರ ಮೊದಲ ಆಲ್ಬಂನಲ್ಲಿ ಪುಕ್ವಾನಾ ಅವರ ‘ಎಮ್‌ಆರ್‌ಎ’ ಕೇಳಿ. ಹಿತ್ತಾಳೆ ವಾದ್ಯಗಳು ಒಂದರ ಮೇಲೊಂದು ಏರುತ್ತಾ ಹೋಗುವ ಆ ಸಡಗರಕ್ಕೆ ಸುಮ್ಮನೆ ಕೂತಿರುವುದು ಕಷ್ಟ.

ಇನ್ನೊಂದು ಆಲ್ಬಂನ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಜ್ಯೂರಿಕ್‌ನ ಕ್ಲಬ್ಬೊಂದಕ್ಕೆ ಡ್ಯೂಕ್ ಎಲಿಂಗ್ಟನ್ ಅವರನ್ನು ಒತ್ತಾಯಿಸಿ ಕರೆತಂದವರು ಕೇಪ್‌ಟೌನ್‌ನ ಗಾಯಕಿ ಸತೀಮಾ ಬೀ ಬೆಂಜಮಿನ್. ಮುಂದೆ ಅವರ ಪತಿಯಾದ ಡಾಲರ್ ಬ್ರ್ಯಾಂಡ್, ಅಂದರೆ ಅಬ್ದುಲ್ಲಾ ಇಬ್ರಾಹಿಂ, ಅಲ್ಲಿ ಪಿಯಾನೊ ನುಡಿಸುತ್ತಿದ್ದರು. 1963ರ ಫೆಬ್ರುವರಿಯಲ್ಲಿ ಎಲಿಂಗ್ಟನ್ ಇಬ್ಬರನ್ನೂ ಪ್ಯಾರಿಸ್ಸಿಗೆ ಕರೆಸಿ ಧ್ವನಿಮುದ್ರಣ ಮಾಡಿಸಿದರು. ಬ್ರ್ಯಾಂಡ್ ಆಲ್ಬಂ ಹೊರಬಂತು, ಹೆಸರೂ ತಂತು. ಸತೀಮಾ ಹಾಡಿದ್ದು ಹೊರಬರಲೇ ಇಲ್ಲ. ಟೇಪ್ ಕಳೆದೇ ಹೋಯಿತೆಂದು ಅವರು ನಂಬಿದ್ದರು. ಸ್ಟುಡಿಯೊ ಎಂಜಿನಿಯರ್ ಬಳಿ ಅದರ ಒಂದು ಪ್ರತಿ ಉಳಿದಿತ್ತು. ಅದು ‘ಎ ಮಾರ್ನಿಂಗ್ ಇನ್ ಪ್ಯಾರಿಸ್’ ಆಗಿ ಬಂದದ್ದು 1990ರ ದಶಕದ ಕೊನೆಯ ಭಾಗದಲ್ಲಿ. ಮೆಲುದನಿಯ ಹಾಡು, ಬದಿಯಲ್ಲಿ ಸ್ವೆಂಡ್ ಆಸ್ಮುಸೆನ್ ಬೆರಳಿನಿಂದ ಮೀಟುವ ಪಿಟೀಲು. ಆ ಕಾಲದ ಅತ್ಯುತ್ತಮ ಗಾಯನದ ಸಾಲಿಗೆ ನಾನು ಇದನ್ನು ಸೇರಿಸುತ್ತೇನೆ.

ತವರು ತೊರೆದ ಇನ್ನೊಬ್ಬ ಟ್ರಂಪೆಟ್ ವಾದಕ ಹ್ಯೂ ಮಸೆಕೆಲಾ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1968ರ ‘ಗ್ರೇಜಿಂಗ್ ಇನ್ ದ ಗ್ರಾಸ್’. ನನ್ನ ಆಯ್ಕೆ 1972ರ ‘ಹೋಮ್ ಈಸ್ ವೇರ್ ದ ಮ್ಯೂಸಿಕ್ ಈಸ್’. ಅಲ್ಲೂ ಪುಕ್ವಾನಾ ಇದ್ದಾರೆ. ಬ್ಲೂ ನೋಟ್ಸ್‌ನ ಡ್ರಮ್ಸ್ ವಾದಕ ಲೂಯಿಸ್ ಮೊಹೊಲೊ ಅವರ 1978ರ ‘ಸ್ಪಿರಿಟ್ಸ್ ರಿಜಾಯ್ಸ್’ ಅನ್ನೂ ಬಿಡಬೇಡಿ.

1990ರ ಫೆಬ್ರುವರಿಯಲ್ಲಿ ಮಂಡೇಲಾ ಸೆರೆಯಿಂದ ಹೊರಬಂದರು. ಮೇ ತಿಂಗಳಲ್ಲಿ ಮೆಕ್‌ಗ್ರೆಗರ್, ಜೂನ್‌ನಲ್ಲಿ ಪುಕ್ವಾನಾ ತೀರಿಕೊಂಡರು. ಯುರೋಪಿನಲ್ಲಿ ಉಳಿದ ಬ್ಲೂ ನೋಟ್ಸ್‌ನ ಐವರಲ್ಲಿ ಸ್ವತಂತ್ರ ನಾಡಿಗೆ ಮರಳಿ ನೆಲೆಸಿದವರು ಮೊಹೊಲೊ ಒಬ್ಬರೇ, 2005ರಲ್ಲಿ.